ಅಗಲ ಟೈರಿನ ಕಾರ್ಬನ್ ಸೈಕಲ್ಲು ಮಂಜೂರಾದ ವೃತ್ತಾಂತ

ನೀರಿನ ಮೀಟರು ಇಲಾಖೆಯ ಟಪಾಲು ಗುಮಾಸ್ತನಿಗೆ ಇಲಾಖೆಯ ವತಿಯಿಂದ ಒಂದು ಸೈಕಲ್ಲು ಇತ್ತು, ಅದರ ತೂಕ ಇಪ್ಪತ್ತಮೂರು ಕಿಲೋ, ಮತ್ತು ಅದನ್ನು ಪ್ರತಿದಿನ ಸಂಜೆ ಮೂರನೇ ಮಹಡಿಗೆ ಹೊತ್ತು ತಂದು ಇಡತಕ್ಕದ್ದು ಎಂಬುದು ನಿಯಮವಾಗಿತ್ತು. ನೆಲಮಟ್ಟದಲ್ಲಿ ಜಾಗವಿರಲಿಲ್ಲವೆಂದಲ್ಲ. ಅಲ್ಲಿ ಅಧಿಕಾರಿಗಳ ಕಾರುಗಳು ನಿಲ್ಲುತ್ತಿದ್ದವು. ಕಾರುಗಳನ್ನು ಮೂರನೇ ಮಹಡಿಗೆ ಹೊರುವುದು ಕಷ್ಟವೆಂಬುದನ್ನು ಇಲಾಖೆ ಹಿಂದೆಯೇ ಕೂಲಂಕಷವಾಗಿ ಪರಿಶೀಲಿಸಿ ಮನಗಂಡಿತ್ತು.

ಈ ಗುಮಾಸ್ತನನ್ನು ಎಲ್ಲರೂ ಟಪಾಲಣ್ಣ ಎನ್ನುತ್ತಿದ್ದರು. ವಯಸ್ಸು ಐವತ್ತಮೂರು, ಎರಡೂ ಮಂಡಿಗಳ ವಯಸ್ಸು ಅದಕ್ಕಿಂತ ಜಾಸ್ತಿ. ಅವನ ಕೆಲಸ ಮನೆಮನೆಗೆ ನೋಟೀಸು ತಲುಪಿಸುವುದು. "ನಿಮ್ಮ ಮೀಟರು ಓಡುತ್ತಿಲ್ಲ. ಏಳು ದಿನದೊಳಗೆ ಉತ್ತರಿಸದಿದ್ದರೆ ನಲ್ಲಿಯನ್ನು ಕತ್ತರಿಸಲಾಗುವುದು" ಎಂದು ಅದರಲ್ಲಿ ಇರುತ್ತಿತ್ತು. ಊರಿನ ಬೀದಿಗಳನ್ನೆಲ್ಲ ಪೈಪು ಹಾಕಲೆಂದು ಇದೇ ಇಲಾಖೆ ಅಗೆದಿತ್ತು. ಅಗೆಯುವ ವಿಭಾಗಕ್ಕೂ ಮುಚ್ಚುವ ವಿಭಾಗಕ್ಕೂ ಮಾತುಕತೆ ನಿಂತು ಆರು ವರ್ಷವಾಗಿದ್ದರಿಂದ ಗುಂಡಿಗಳು ಹಾಗೇ ಇದ್ದವು. ಟಪಾಲಣ್ಣ ಸೈಕಲ್ಲನ್ನು ತುಳಿಯುವುದಕ್ಕಿಂತ ತಳ್ಳುವುದೇ ಹೆಚ್ಚು. ಹೀಗಾಗಿ ನೋಟೀಸು ಒಂಬತ್ತನೆಯ ದಿನ ತಲುಪುತ್ತಿತ್ತು.

"ನಲ್ಲಿ ಕತ್ತರಿಸಿ ಎರಡು ದಿನ ಆಯ್ತು," ಎಂದು ಒಬ್ಬ ನಿವೃತ್ತ ಮೇಷ್ಟ್ರು ಗೇಟಿನಲ್ಲೇ ಕೂಗಾಡಿದರು. "ಈಗ ಎಚ್ಚರಿಕೆ ಕೊಡೋಕೆ ಬಂದ್ಯೇನಯ್ಯ?"

ಮೇಷ್ಟ್ರು ದೂರು ಬರೆದರು. ಅಧೀಕ್ಷಕಿ ಮೇಡಂ ಟಪಾಲಣ್ಣನನ್ನು ಕರೆಸಿ ಸಮಾಧಾನದಿಂದಲೇ ಹೇಳಿದರು: "ನೋಡಿ, ಇನ್ನೊಂದು ದೂರು ಬಂದ್ರೆ ನಿಮ್ಮನ್ನ ನೆಲಮಾಳಿಗೆ ಕಡತದ ಕೋಣೆಗೆ ಹಾಕ್ಬೇಕಾಗುತ್ತೆ. ಅಲ್ಲಿ ಕಿಟಕಿ ಇಲ್ಲ, ಗೊತ್ತಲ್ಲ?"

ಟಪಾಲಣ್ಣನಿಗೆ ಗೊತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಬೀದಿ ಬೀದಿ ಅಲೆದ ಮನುಷ್ಯ ಅವನು. ಯಾವ ತಿರುವಿನಲ್ಲಿ ಗಾಳಿ ಎದುರಾಗುತ್ತದೆ, ಯಾವ ಮನೆಯ ನಾಯಿ ಬರೀ ಬೊಗಳುತ್ತದೆ ಎಂಬುದೆಲ್ಲ ಬಲ್ಲವನು. ಕಿಟಕಿಯಿಲ್ಲದ ಕೋಣೆಯಲ್ಲಿ ಅದ್ಯಾವುದೂ ಉಪಯೋಗಕ್ಕೆ ಬರುವಂತಿರಲಿಲ್ಲ.

ಭಾನುವಾರ ಹೆಂಡತಿ ಅವನ ಮಂಡಿಗೆ ಮುಲಾಮು ತಿಕ್ಕುತ್ತಿದ್ದಾಗ ಅವಳ ತಮ್ಮ ಬಂದ. ಅವನದು ಸೈಕಲ್ ರಿಪೇರಿ ಅಂಗಡಿ.

"ಭಾವ, ನಿಮ್ಮ ಮಂಡೀದು ತಪ್ಪಿಲ್ಲ. ತಪ್ಪು ಸೈಕಲ್‌ದು," ಎಂದ ಅವನು, ಕುರ್ಚಿ ಎಳೆದುಕೊಳ್ಳುತ್ತ. "ಕಾರ್ಬನ್ ಫ್ರೇಮಿಂದು ರೋಡ್ ಬೈಕ್ ಮಾಡಿಸ್ಕೊಳ್ಳಿ. ಒಂಬತ್ತು ಕಿಲೋ ಒಳಗೆ ಬರುತ್ತೆ. ಒಂದೇ ಕೈಲಿ ಎತ್ಕೊಂಡು ಮೆಟ್ಟಿಲು ಹತ್ತಬಹುದು."

"ಕಾರ್ಬನ್ ಅಂದ್ರೆ ದುಡ್ಡಿದ್ದೋರ ಸಾಮಾನಲ್ವೇನೋ?"

"ಎಲ್ಲಾ ಕಾರ್ಬನ್ನೇ ಬೇಕು ಅಂತ ಹೊರಟ್ರೆ ಹೌದು. ಫ್ರೇಮ್ ಮಾತ್ರ ಕಾರ್ಬನ್ ಇರ್ಲಿ, ಅದೂ ಕಳೆದ ವರ್ಷದ ಬಣ್ಣದ್ದು. ಬಣ್ಣ ಹಳೇದಾದ್ರೆ ಬೆಲೆ ಅರ್ಧಕ್ಕೆ ಇಳಿಯುತ್ತೆ. ಚಕ್ರಕ್ಕೆ ಅಲ್ಯೂಮಿನಿಯಂ ಸಾಕು. ಗೇರು ಮಧ್ಯಮದ್ದು ಸಾಕು. ಟೈರಲ್ಲಿ ಮಾತ್ರ ಜಿಪುಣತನ ಬೇಡ. ಮೂವತ್ತೈದು ಮಿಲಿಮೀಟರ್ ಅಗಲ ಇರ್ಬೇಕು, ಗಾಳಿ ಸ್ವಲ್ಪ ಕಮ್ಮಿ ಹೊಡೀಬೇಕು. ನಿಮ್ಮ ಇಲಾಖೆ ಗುಂಡಿ ಮೇಲೆ ತೇಲ್ಕೊಂಡು ಹೋಗ್ತೀರ. ಆದ್ರೆ ಅಷ್ಟು ಅಗಲದ ಟೈರು ಕೂರೋಕೆ ಫ್ರೇಮಲ್ಲಿ ಜಾಗ ಇದೆಯಾ ಅಂತ ಮೊದ್ಲೇ ನೋಡ್ಕೊಬೇಕು."

"ಆಫೀಸಲ್ಲೇ ಕೇಳ್ರೀ," ಎಂದಳು ಹೆಂಡತಿ, ಮುಲಾಮಿನ ಡಬ್ಬಿ ಮುಚ್ಚುತ್ತ. "ಗುಂಡಿ ಅವರ್ದೇ ತಾನೆ?"

ಟಪಾಲಣ್ಣ ಅರ್ಜಿ ಬರೆದುಕೊಟ್ಟ. ಕೈಗೆಟುಕುವ ಬೆಲೆಯ, ಅಗಲ ಟೈರಿನ ಕಾರ್ಬನ್ ರೋಡ್ ಬೈಕನ್ನು ದಯಪಾಲಿಸಬೇಕೆಂದು ವಿನಂತಿ. ಅದನ್ನು ಟೈಪು ಮಾಡಿದವರು 'ಬೆಲೆಯ' ಎಂಬ ಪದವನ್ನು ಕೈಬಿಟ್ಟರು. ಇದು ಮುಂದೆ ಬಹಳ ಅನುಕೂಲವಾಯಿತು.

ಅರ್ಜಿಯಲ್ಲಿ ಕಾರ್ಬನ್ ಎಂದಿದ್ದುದರಿಂದ ಅದು ನೇರ ಲೇಖನ ಸಾಮಗ್ರಿ ವಿಭಾಗಕ್ಕೆ ಹೋಯಿತು. ಅದರ ಮುಖ್ಯಸ್ಥರನ್ನು ಕಾಗದದ ಸಾಹೇಬರು ಎಂದು ಕರೆಯುತ್ತಿದ್ದರು. ಇಲಾಖೆಯಲ್ಲಿ ಟೈಪ್‌ರೈಟರುಗಳು ಮಾಯವಾಗಿ ಹದಿನೈದು ವರ್ಷವಾಗಿದ್ದರೂ ಅವರು ತಪ್ಪದೆ ಪ್ರತಿ ವರ್ಷ ನಾನೂರು ಕಟ್ಟು ಕಾರ್ಬನ್ ಕಾಗದ ತರಿಸುತ್ತಿದ್ದರು.

"ಕಾರ್ಬನ್ ಅಂದ್ಮೇಲೆ ಮೂರು ಪ್ರತಿ ಬರ್ಬೇಕಲ್ಲ?" ಎಂದು ಕೇಳಿದರು ಸಾಹೇಬರು.

"ಇದು ಸೈಕಲ್ಲಿನ ಕಾರ್ಬನ್ ಸಾರ್. ಇದ್ರಲ್ಲಿ ಪ್ರತಿ ಬರಲ್ಲ."

"ಒಂದೂ ಬರಲ್ವಾ?"

"ಇಲ್ಲ ಸಾರ್."

"ಹಾಗಾದ್ರೆ ಮಾಲು ಕಳಪೆ," ಎಂದು ಅವರು ಷರಾ ಬರೆದು ಅರ್ಜಿಯನ್ನು ಮುಂದಕ್ಕೆ ಕಳಿಸಿದರು.

ಮುಂದೆ ಒಂದು ತೊಡಕಿತ್ತು. ಒಂದು ಹುದ್ದೆಗೆ ಹದಿನೈದು ವರ್ಷಕ್ಕೆ ಒಂದೇ ಸೈಕಲ್ಲು ಎಂಬ ನಿಯಮ. ಹಳೆಯದಕ್ಕೆ ಇನ್ನೂ ನಾಲ್ಕು ವರ್ಷ ಆಯುಸ್ಸಿತ್ತು. ಅಧೀಕ್ಷಕಿ ಮೇಡಂ ನಿಯಮಾವಳಿಯನ್ನು ಮೂರು ದಿನ ಓದಿ, ನಾಲ್ಕನೆಯ ದಿನ ಕನ್ನಡಕ ತೆಗೆದು ನಕ್ಕರು. "ಸೈಕಲ್ಲು ಕೊಳ್ಳಬಾರದು ಅಂತಿದೆ. ಸೈಕಲ್ಲು ಆಗೋ ಸಾಮಾನು ಕೊಳ್ಳಬಾರದು ಅಂತ ಎಲ್ಲಿದೆ?"

ಎಲ್ಲೂ ಇರಲಿಲ್ಲ. ಆದ್ದರಿಂದ ಫ್ರೇಮನ್ನು ಲೇಖನ ಸಾಮಗ್ರಿ ವಿಭಾಗವೂ, ಸೀಟು ಕೂರುವ ವಸ್ತುವಾದ ಕಾರಣ ಅದನ್ನು ಪೀಠೋಪಕರಣ ವಿಭಾಗವೂ, ಹ್ಯಾಂಡಲ್ಲನ್ನು ಬಾಗಿಲಿನ ಹಿಡಿಕೆಗಳನ್ನು ನೋಡಿಕೊಳ್ಳುವ ಕಟ್ಟಡ ವಿಭಾಗವೂ, ಚೈನನ್ನು ಭದ್ರತಾ ವಿಭಾಗವೂ, ಚಕ್ರ, ಟೈರು, ಗೇರು, ಬ್ರೇಕುಗಳನ್ನು ವಾಹನ ವಿಭಾಗವೂ ಖರೀದಿಸತಕ್ಕದ್ದೆಂದು ಆದೇಶವಾಯಿತು. ಐದು ವಿಭಾಗಗಳ ಐವರು ಮುಖ್ಯಸ್ಥರು ಸೇರಿ ಖರೀದಿ ಸಮಿತಿಯಾಯಿತು.

ಸಮಿತಿ ಪೇಟೆಯ ದೊಡ್ಡ ಸೈಕಲ್ ಅಂಗಡಿಗೆ ಭೇಟಿಯಿತ್ತಿತು. ಟಪಾಲಣ್ಣ ಹಿಂದೆ ಹಿಂದೆ ಹೋದ. ಕಾಗದದ ಸಾಹೇಬರು ಅರ್ಜಿಯನ್ನು ಗಟ್ಟಿಯಾಗಿ ಓದಿದರು.

"'ಕೈಗೆಟುಕುವ, ಅಗಲ ಟೈರಿನ ಕಾರ್ಬನ್ ರೋಡ್ ಬೈಕ್.' ಕೈಗೆಟುಕಬೇಕು ಅಂತ ಸ್ಪಷ್ಟವಾಗಿದೆ. ಯಾರ ಕೈಗೆ ಅಂತ ಮಾತ್ರ ಬರೆದಿಲ್ಲ."

"ನನ್ನ ಕೈಗೆ ಸಾರ್," ಎಂದ ಟಪಾಲಣ್ಣ.

"ನೀವು ಬಳಕೆದಾರರು. ಖರೀದಿ ಮಾಡೋರು ನಾವು. ಸಮಿತಿಯ ಐದೂ ಜನರ ಕೈಗೆ ಎಟುಕಬೇಕಾಗುತ್ತೆ."

ಅಂಗಡಿಯವನು ಇಲಾಖೆಗಳೊಂದಿಗೆ ಇಪ್ಪತ್ತು ವರ್ಷ ವ್ಯವಹಾರ ಮಾಡಿ ಪಳಗಿದವನು. ಷಟರನ್ನು ಅರ್ಧ ಇಳಿಸಿ, ಐವರ ಕೈಯನ್ನೂ ಒಬ್ಬೊಬ್ಬರದಾಗಿ ಹಿಡಿದು ನಿಧಾನವಾಗಿ ಕುಲುಕಿದ. ಸದಸ್ಯರು ಕೈಗಳನ್ನು ಜೇಬಿಗೆ ಹಾಕಿಕೊಂಡರು. ಸೈಕಲ್ಲು ಎಲ್ಲರ ಕೈಗೂ ಎಟುಕಿದೆಯೆಂದು ಸಮಿತಿ ಸರ್ವಾನುಮತದಿಂದ ದಾಖಲಿಸಿತು. ಕುತೂಹಲಕ್ಕೆ ಟಪಾಲಣ್ಣನೂ ಕೈ ಚಾಚಿದ. ಅಂಗಡಿಯವನು ಅದರಲ್ಲಿ ಒಂದು ಸ್ಟಿಕ್ಕರ್ ಇಟ್ಟ.

ಟೈರು ಬರುವುದು ಸ್ವಲ್ಪ ತಡವಾಯಿತು. ವಾಹನ ವಿಭಾಗದ ನಮೂನೆಯಲ್ಲಿ ಮಿಲಿಮೀಟರಿನ ಕಾಲಂ ಇರಲಿಲ್ಲ, ಇಂಚು ಮಾತ್ರ ಇತ್ತು. ಮೂವತ್ತೈದು ಇಂಚು ಅಗಲದ ಎರಡು ಟೈರುಗಳು ಕ್ರೇನಿನಲ್ಲಿ ಬಂದವು. ಅವು ಗಣಿ ಲಾರಿಯವು. ಮೂರನೇ ಮಹಡಿಯ ಮೊಗಸಾಲೆಯಲ್ಲಿ ಅವನ್ನು ಮಲಗಿಸಿದರು. ಮಧ್ಯಾಹ್ನ ಸಿಬ್ಬಂದಿ ಅವುಗಳೊಳಗೆ ದುಂಡಗೆ ಕೂತು ಬುತ್ತಿ ಬಿಚ್ಚುವುದು ರೂಢಿಯಾಯಿತು. ಟಪಾಲಣ್ಣ ನಾಲ್ಕು ಸಲ ಜ್ಞಾಪನ ಪತ್ರ ಕೊಟ್ಟ ಮೇಲೆ ಸರಿಯಾದ ಟೈರುಗಳು ಬಂದವು. ದೊಡ್ಡವನ್ನು ವಾಪಸು ಕಳಿಸಲು ಸಿಬ್ಬಂದಿ ಒಪ್ಪಲಿಲ್ಲ.

ಕೊನೆಗೊಂದು ಗುರುವಾರ ಭಾವಮೈದ ಸ್ಪ್ಯಾನರುಗಳ ಚೀಲ ಹಿಡಿದು ಬಂದು ಅದೇ ಮೊಗಸಾಲೆಯಲ್ಲಿ ಕೆಲಸಕ್ಕೆ ಕೂತ. ಫ್ರೇಮು ಕಳೆದ ವರ್ಷದ ಬಣ್ಣದ್ದೇ, ಬೂದಿ ಹಸಿರು. ಫೋರ್ಕು ಕೂರಿಸಿದ. ಬ್ರೇಕಿನ ಕೇಬಲ್ಲುಗಳನ್ನು ಫ್ರೇಮಿನೊಳಗೆ ಸೂಜಿಗೆ ದಾರ ಪೋಣಿಸುವಂತೆ ಎಳೆದ. ಕಾರ್ಬನ್ನಿಗೆ ಬೋಲ್ಟು ಬಿಗಿ ಮಾಡುವಾಗ ಅಳತೆಯ ಸ್ಪ್ಯಾನರು 'ಟಕ್' ಎಂದೊಡನೆ ನಿಲ್ಲಿಸಿ, "ಇದಕ್ಕಿಂತ ಜಾಸ್ತಿ ಬಿಗಿದ್ರೆ ಒಳಗೊಳಗೇ ಸೀಳುತ್ತೆ ಭಾವ, ಹೊರಗೆ ಕಾಣೋದೇ ಇಲ್ಲ" ಎಂದ. ಅಗಲ ಟೈರು ಫ್ರೇಮಿನ ನಡುವೆ ಸುತ್ತಿದಾಗ ಎರಡೂ ಕಡೆ ಒಂದೊಂದು ಪೆನ್ಸಿಲ್ ತೂರುವಷ್ಟು ಜಾಗ ಉಳಿಯಿತು. ಟಪಾಲಿನ ತಕ್ಕಡಿಗೆ ತೂಗುಹಾಕಿದರೆ ಎಂಟು ಕಿಲೋ ಒಂಬೈನೂರು ಗ್ರಾಂ.

ಟಪಾಲಣ್ಣ ಒಂದು ಕೈಯಿಂದ ಎತ್ತಿದ. ಇಳಿಸಿದ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೊಮ್ಮೆ ಎತ್ತಿದ.

ಮುಂದಿನ ಎರಡು ವಾರ ಇಲಾಖೆಯ ಇತಿಹಾಸದಲ್ಲೇ ಕಹಿಯಾದ ದಿನಗಳು. ನೋಟೀಸುಗಳು ಮರುದಿನವೇ ತಲುಪಿದವು. ಅಗಲ ಟೈರುಗಳು ಗುಂಡಿಯ ಮೇಲೆ ಸುಯ್ಯೆಂದು ಸಾಗುತ್ತಿದ್ದವು. ಟಪಾಲಣ್ಣ ಮಂಡಿನೋವು ಮರೆತು ಸಿಳ್ಳೆ ಹಾಕುತ್ತ ತಿರುವು ದಾಟುತ್ತಿದ್ದ. ಜನ ಸಕಾಲಕ್ಕೆ ಉತ್ತರ ಬರೆದುಬಿಟ್ಟರು. ನಲ್ಲಿ ಕತ್ತರಿಸುವ ವಿಭಾಗ ಕತ್ತರಿ ಹಿಡಿದು ಸುಮ್ಮನೆ ಕೂತಿತು. ಕತ್ತರಿಸಿದ ನಲ್ಲಿಯನ್ನು ಮರುಜೋಡಿಸುವ ವಿಭಾಗದ ಮುಂದೆ ಶುಲ್ಕ ಕಟ್ಟುವ, ಕೈ ಕುಲುಕುವ ಸಾಲೇ ಕರಗಿಹೋಯಿತು. ಆ ವಿಭಾಗದವರೊಬ್ಬರು ಅಧೀಕ್ಷಕಿಯ ಮುಂದೆ ಕಣ್ಣೀರು ಹಾಕಿದರೆಂದು ವರದಿಯಿದೆ.

ಕೂಡಲೇ ಆಂತರಿಕ ತನಿಖೆ ನಡೆಯಿತು. ಐದು ವಿಭಾಗಗಳ ಸ್ವತ್ತು ಆಯಾ ವಿಭಾಗದ ಪ್ರತಿನಿಧಿಗಳಿಲ್ಲದೆ ಕಟ್ಟಡದಿಂದ ಹೊರಗೆ, ಅದೂ ವೇಗವಾಗಿ, ಹೋಗುತ್ತಿರುವುದು ಪತ್ತೆಯಾಯಿತು. ಹೊಸ ಸುತ್ತೋಲೆ ಬಂತು:

"ಸೈಕಲ್ಲಿನ ಪ್ರತಿಯೊಂದು ಭಾಗದಿಂದ ಐವತ್ತು ಮೀಟರಿನೊಳಗೆ ಸಂಬಂಧಪಟ್ಟ ವಿಭಾಗದ ಪ್ರತಿನಿಧಿ ಸದಾ ಹಾಜರಿರತಕ್ಕದ್ದು. ಪ್ರತಿನಿಧಿಗಳ ಓಡಾಟಕ್ಕೆ ಒಂದು ಜೀಪು ಒದಗಿಸತಕ್ಕದ್ದು."

ಜೀಪು ಅದೇ ದಿನ ಮಧ್ಯಾಹ್ನ ಮಂಜೂರಾಯಿತು.

ಅಂದಿನಿಂದ ಟಪಾಲಣ್ಣ ಮುಂದೆ, ಐವರು ಪ್ರತಿನಿಧಿಗಳ ಜೀಪು ಹಿಂದೆ. ಸೈಕಲ್ಲು ಗುಂಡಿ ದಾಟಿ ನಿಲ್ಲುತ್ತಿತ್ತು. ಜೀಪು ಗುಂಡಿಗಿಳಿದು ಕೂರುತ್ತಿತ್ತು. ಪ್ರತಿನಿಧಿಗಳು ಇಳಿದು ತಳ್ಳಿ, ಕೈ ಒರೆಸಿಕೊಂಡು, ಹತ್ತಿ ಕೂತ ಮೇಲೆ ಸವಾರಿ ಮುಂದುವರಿಯುತ್ತಿತ್ತು. ನೋಟೀಸುಗಳು ಮತ್ತೆ ಒಂಬತ್ತನೆಯ ದಿನಕ್ಕೆ ಬಂದು ನಿಂತವು. ಎಲ್ಲ ವಿಭಾಗಗಳೂ ನಿಟ್ಟುಸಿರು ಬಿಟ್ಟವು. ನೋಟೀಸು ಈಗ ಸಾಕ್ಷಿಗಳ ಸಮೇತ ತಡವಾಗುತ್ತಿದ್ದುದರಿಂದ ಟಪಾಲಣ್ಣನ ಮೇಲೆ ದೂರು ದಾಖಲಿಸಲು ಅವಕಾಶವಿರಲಿಲ್ಲ. ಅವನ ಕೆಲಸ ಬೀದಿಯಲ್ಲೇ ಉಳಿಯಿತು.

ಒಂದು ಸಂಜೆ ಹೆಂಡತಿ ಕೇಳಿದಳು: "ಅಲ್ಲಾರೀ, ಆ ಜೀಪು ಹೇಗೂ ಅದೇ ಮನೆಗಳಿಗೆ ಹೋಗುತ್ತಲ್ಲ. ಕಾಗದಾನ ಅದರಲ್ಲೇ ಇಟ್ಟು ಕಳಿಸಬಾರ್ದಾ?"

"ಜೀಪು ಇರೋದು ಸೈಕಲ್ ಕಾಯೋಕೆ ಕಣೆ," ಎಂದ ಟಪಾಲಣ್ಣ. "ಕಾಗದ ಹೊತ್ತರೆ ಸರ್ಕಾರಿ ವಾಹನದ ದುರುಪಯೋಗ ಆಗುತ್ತೆ."

"ಅದೂ ಸರಿಯೇ ಅನ್ನಿ," ಎಂದಳು ಅವಳು. ಅವಳ ತಮ್ಮನೂ ತಲೆಯಾಡಿಸಿದ. ಜೀಪಿನ ರಿಪೇರಿಯ ಗುತ್ತಿಗೆ ಅಷ್ಟರಲ್ಲಿ ಅವನಿಗೇ ಸಿಕ್ಕಿತ್ತು.

ಮಳೆಗಾಲದ ಒಂದು ಬೆಳಗ್ಗೆ ಜೀಪಿನ ಮುಂದಿನ ಆಕ್ಸಲ್ಲು ಮುರಿಯಿತು. ಜೀಪಿಲ್ಲದೆ ಸೈಕಲ್ಲು ಹೊರಡುವಂತಿರಲಿಲ್ಲ. ಟಪಾಲಣ್ಣ ಚೀಲದಲ್ಲಿದ್ದ ಪತ್ರಗಳನ್ನು ತಿರುವಿ ಹಾಕುವಾಗ ಒಂದು ಕಣ್ಣಿಗೆ ಬಿತ್ತು. ಮಾರುಕಟ್ಟೆ ಬೀದಿಯ ಇಸ್ತ್ರಿ ಅಂಗಡಿಯಾಕೆಗೆ ಬರೆದದ್ದು: "ನಿಮ್ಮ ನಲ್ಲಿಯನ್ನು ತಪ್ಪಾಗಿ ಕತ್ತರಿಸಲಾಗಿದೆ. ಈ ಪತ್ರಕ್ಕೆ ಸಹಿ ಹಾಕಿ ಕೊಟ್ಟಲ್ಲಿ ಇಂದೇ, ಶುಲ್ಕವಿಲ್ಲದೆ, ಮರುಜೋಡಿಸಲಾಗುವುದು." ಕೆಳಗೆ ಇಂದಿನದೇ ಗಡುವು. ಆಕೆ ಮೂರು ವಾರದಿಂದ ಪಕ್ಕದ ಬೀದಿಯಿಂದ ನೀರು ಹೊರುತ್ತಿದ್ದುದನ್ನು ಟಪಾಲಣ್ಣ ದಿನಾ ಕಂಡಿದ್ದ. ಯಾರಿಗೂ ಹೇಳದೆ, ಪತ್ರವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು, ಕುಂಟುತ್ತ ನಡೆದೇ ಹೊರಟ. ಅರ್ಧ ಗಂಟೆಯಲ್ಲಿ ಅಂಗಡಿ ಮುಟ್ಟಿದ.

ಆಕೆ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಪತ್ರ ತೆಗೆದುಕೊಂಡಳು. ಓದಿದಳು, ಮುಖ ಅರಳಿತು. ಆಮೇಲೆ ಅವನ ಬೆನ್ನ ಹಿಂದಕ್ಕೆ ಬಗ್ಗಿ ನೋಡಿದಳು. ಬೀದಿಯ ಆ ತುದಿಯನ್ನೂ ನೋಡಿದಳು.

"ಜೀಪೆಲ್ಲಿ?"

"ಇವತ್ತು ಬಂದಿಲ್ಲಮ್ಮ."

"ಆ ಐದು ಜನ?"

"ಅವರೂ ಇಲ್ಲ. ನಾನೇ ತಂದೆ. ಬೇಗ ಒಂದು ಸಹಿ ಹಾಕಿ."

ಆಕೆ ಪತ್ರವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ, ಒಮ್ಮೆ ಕೈಯಿಂದ ಸವರಿ, ಅವನಿಗೇ ಹಿಂತಿರುಗಿಸಿದಳು. "ಬೇಜಾರು ಮಾಡ್ಕೋಬೇಡಿ ಅಣ್ಣ. ಒಬ್ರೇ, ನಡ್ಕೊಂಡು, ಹೇಳಿದ ದಿನಕ್ಕೇ ತಂದಿದ್ದೀರ. ಇದು ಇಲಾಖೆ ಕಾಗದ ಅಂತ ನಾನು ಹೇಗೆ ನಂಬ್ಲಿ?"

ಯೋಚಿಸಿದಷ್ಟೂ ಟಪಾಲಣ್ಣನಿಗೆ ಆಕೆಯ ಮಾತು ನ್ಯಾಯವಾಗಿಯೇ ಕಂಡಿತು.

"ತಪ್ಪಾಯ್ತಮ್ಮ," ಎಂದು ಪತ್ರವನ್ನು ಅಂಗಿಯೊಳಗೆ ಸೇರಿಸಿದ. "ಜೀಪು ರಿಪೇರಿ ಆಗ್ಲಿ, ಎಲ್ಲರೂ ಸೇರಿ ಬರ್ತೀವಿ."

"ತಡ ಆದ್ರೂ ಪರವಾಗಿಲ್ಲ, ಕ್ರಮವಾಗಿ ಬನ್ನಿ," ಎಂದು ಆಕೆ ಬಿಂದಿಗೆಯನ್ನು ಸೊಂಟಕ್ಕೇರಿಸಿ ಪಕ್ಕದ ಬೀದಿಗೆ ನೀರಿಗೆ ಹೊರಟಳು.