ನನ್ನ ಪ್ರೇಕ್ಷಕರನ್ನು ಕದ್ದ ಹಲ್ಲಿಯವರಿಗೆ

ಮಾನ್ಯ ಹಲ್ಲಿಯವರಿಗೆ,
ಟ್ಯೂಬ್‌ಲೈಟಿನ ಕೆಳಗೆ, ಮುದ್ರಣಾಲಯದ ಕಾಗದದ ಗೋದಾಮಿನ ಹಿಂಗೋಡೆ.

ಮಾನ್ಯರೇ,

ತಮ್ಮ ಬಾಲವು ಕ್ಷೇಮವಾಗಿದೆಯೆಂದೂ, ಒಂದು ವೇಳೆ ಕಳಚಿದ್ದರೆ ಹೊಸದು ಸುಸೂತ್ರವಾಗಿ ಬೆಳೆಯುತ್ತಿದೆಯೆಂದೂ ನಂಬಿ, ಅತ್ಯಂತ ಗೌರವದಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುವುದಕ್ಕೆ ಕಾರಣ, ತಾವು ನನಗೆ ಮಾಡಿದ ಅನ್ಯಾಯವೂ ಅಷ್ಟು ಜನರ ಎದುರೇ ನಡೆದದ್ದು. ಆದರೂ ಅದು ಅನ್ಯಾಯವೆಂದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ.

ನಾನು ಇದೇ ಮುದ್ರಣಾಲಯದ ಮಹಡಿಯಲ್ಲಿ ಕರಡು ತಿದ್ದುವವಳು. ಸಾಹಿತ್ಯ ಓದಿಕೊಂಡವಳಾದ್ದರಿಂದ ಮನುಷ್ಯರ ಮುಖ ಬಿಟ್ಟು ಕಾಗದ ನೋಡುವ ಕೆಲಸ ನನಗೆ ಚೆನ್ನಾಗಿ ಒಗ್ಗಿದೆ. ಊಟದ ಬಿಡುವಿನಲ್ಲಿ ಗೋದಾಮಿಗೆ ಇಳಿದು, ಟೇಬಲ್ ಟೆನಿಸ್ ಮೇಜಿನ ಒಂದು ಅರ್ಧವನ್ನು ಮಡಚಿ ನಿಲ್ಲಿಸಿ, ಅದಕ್ಕೇ ಚೆಂಡು ಹೊಡೆಯುತ್ತ ನಾನೊಬ್ಬಳೇ ಆಡುತ್ತಿದ್ದುದನ್ನು ತಾವು ಮೇಲಿನಿಂದ ದಿನವೂ ನೋಡಿದ್ದೀರಿ. ಆಗ ಚೆಂಡು ನನ್ನ ಮಾತು ಕೇಳುತ್ತಿತ್ತು. ಯಾರಾದರೂ ಕಾಗದದ ಕಟ್ಟು ಒಯ್ಯಲು ಬಂದು ಬಾಗಿಲಲ್ಲಿ ನಿಂತರೆ ಸಾಕು, ನನ್ನ ಮೊಣಕೈ ಯಾರದೋ ಆಗಿಬಿಡುತ್ತಿತ್ತು. ತಮ್ಮ ನೋಟ ಮಾತ್ರ ನನಗೆಂದೂ ಭಾರವೆನಿಸಿರಲಿಲ್ಲ. ತಾವು ಆಗಾಗ ಲೊಚಗುಟ್ಟಿದ್ದನ್ನೂ ಮೆಚ್ಚುಗೆಯೆಂದೇ ತಿಳಿದುಕೊಂಡಿದ್ದೆ.

ನನ್ನ ಮನೆಯವರ ವಿಷಯ ಬೇರೆ. ಚಿಕ್ಕಂದಿನಲ್ಲಿ ಶಾಲೆಯ ಓಟದ ದಿನ ಅಮ್ಮ ಗುಂಪಿನಿಂದ ಕೈ ಬೀಸಿದ್ದನ್ನು ಕಂಡು, ಸೀಟಿ ಊದಿದ ಮೇಲೂ ನಾನು ಗೆರೆಯ ಮೇಲೇ ನಿಂತು ಅವಳಿಗೆ ತಿರುಗಿ ಕೈ ಬೀಸುತ್ತಿದ್ದೆನಂತೆ. ನನ್ನನ್ನು ಕೆಡಿಸುವುದು ತನ್ನ ಕಣ್ಣೇ ಎಂದು ಅಮ್ಮ ಅಂದೇ ತೀರ್ಮಾನಿಸಿ, ಆಮೇಲೆ ನನ್ನ ಯಾವ ಆಟಕ್ಕೂ ಬರಲಿಲ್ಲ. ನಾನು ಚೆನ್ನಾಗಿ ಆಡುತ್ತೇನೆಂದು ಮನೆಯಲ್ಲಿ ಹೇಳಿಕೊಂಡರೆ ತಂಗಿ, "ಅಕ್ಕಾ, ನಿನ್ನ ಹತ್ರ ಸೋತಿರೋದು ಆ ಮೇಜೊಂದೇ ತಾನೇ? ಪಾಪ, ಅದಕ್ಕೆ ಓಡಿಹೋಗಕ್ಕೂ ಆಗಲ್ಲ" ಎನ್ನುತ್ತಾಳೆ. ಆದ್ದರಿಂದ ಇದೇ ಗೋದಾಮಿನಲ್ಲಿ ನಡೆಯುವ ಸಿಬ್ಬಂದಿಯ ಟೇಬಲ್ ಟೆನಿಸ್ ಪಂದ್ಯಾವಳಿಗೆ ಹೆಸರು ಕೊಟ್ಟು, ಅಮ್ಮನನ್ನು ಗೋಗರೆದು ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಅವಳ ಕಣ್ಣೆದುರು ಒಂದೇ ಒಂದು ಸಲ ಚೆನ್ನಾಗಿ ಆಡಬೇಕಿತ್ತು. ನನಗೆ ಬೇಕಾಗಿದ್ದುದು ಅಷ್ಟೇ.

ಎದುರಾಳಿ ಅಚ್ಚಿನ ಯಂತ್ರ ನಡೆಸುವವರು, ಎಲ್ಲರ ಬಾಯಲ್ಲೂ ರೋಲರ್ ಅಣ್ಣ. ಅಷ್ಟು ಜನರನ್ನು ನೋಡಿದ ಕೂಡಲೇ ನನ್ನ ಮೊಣಕೈ ರಜೆಯ ಮೇಲೆ ಹೋಯಿತು. ಒಂದು ಚೆಂಡು ವ್ಯವಸ್ಥಾಪಕರ ಚಹಾದ ಲೋಟಕ್ಕೆ ಬಿತ್ತು. "ಮೇಜು ಇಲ್ಲಿದೆ ತಾಯಿ, ಇಲ್ಲಿ!" ಎಂದು ಯಾರೋ ಕೂಗಿದರು. ಅಮ್ಮ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು.

ಆಗ ತಾವು ದಯಮಾಡಿಸಿದಿರಿ. ಟ್ಯೂಬ್‌ಲೈಟಿನ ಬಳಿ ಹೆಬ್ಬೆರಳಗಲದ ಪತಂಗವೊಂದು ಕೂತಿತ್ತು. "ಲೋ, ಹಲ್ಲಿ ನೋಡ್ರೋ, ಹೊಂಚು ಹಾಕ್ತಿದೆ!" ಎಂಬ ಕೂಗು ಕೇಳಿದ್ದೇ ತಡ, ಅಷ್ಟೂ ಕತ್ತುಗಳು ಗೋಡೆಗೆ ತಿರುಗಿದವು, ಅಂಪೈರ್ ಆಗಿದ್ದ ಉಗ್ರಾಣದ ಮೇಲ್ವಿಚಾರಕರ ಕತ್ತೂ ತಿರುಗಿತು. ಅಮ್ಮ ಕೈ ಇಳಿಸಿದಳು. ತಮಗೆ ಬೆನ್ನು ಕೊಟ್ಟು ನಿಂತಿದ್ದ ರೋಲರ್ ಅಣ್ಣ ಮಾತ್ರ ಹಲ್ಲು ಕಚ್ಚಿ ಆಡುತ್ತಲೇ ಇದ್ದರು. ಯಾರೂ ನನ್ನನ್ನು ನೋಡುತ್ತಿಲ್ಲವೆಂದು ಗೊತ್ತಾದದ್ದೇ, ಮಾನ್ಯರೇ, ನನ್ನ ಮೊಣಕೈ ಮನೆಗೆ ಮರಳಿತು. ಒಂದರ ಹಿಂದೊಂದು ಅಂಕ ಗೆದ್ದೆ. ಒಮ್ಮೆಯಂತೂ ಮೇಜಿನ ಅಂಚನ್ನು ಸವರಿಕೊಂಡು ಹೋದ ಚೆಂಡಿಗೆ ರೋಲರ್ ಅಣ್ಣ ತಾವೇ "ಅಬ್ಬಾ" ಎಂದರು. ಅದೇ ಕ್ಷಣಕ್ಕೆ ತಾವು ಪತಂಗವನ್ನು ಗುಳುಂ ಮಾಡಿದಿರಿ. ಚಪ್ಪಾಳೆಯೋ ಚಪ್ಪಾಳೆ! ಆಟದ ಭರದಲ್ಲಿ ಅದು ನನಗೇ ಎಂದು ತಿಳಿದು ನಾನು ತಲೆಬಾಗಿದೆ.

ನನ್ನ ಅಂಕಗಳನ್ನು ಕೇಳಿದರೆ ಮೇಲ್ವಿಚಾರಕರು, "ನಾನು ನೋಡ್ಲಿಲ್ಲಮ್ಮ, ನೋಡದೆ ಇರೋದನ್ನ ಹೆಂಗೆ ಕೊಡ್ಲಿ?" ಎಂದರು. ರೋಲರ್ ಅಣ್ಣ ಬೆವರು ಒರೆಸುತ್ತ, "ನಂಗೂ ಸರಿಯಾಗಿ ನೆನಪಿಲ್ಲಪ್ಪ" ಎಂದು ಚಾವಣಿ ನೋಡಿದರು. ಆಟ ಹಿಂದಿನ ಅಂಕದಿಂದಲೇ ಮತ್ತೆ ಶುರುವಾಯಿತು, ಎಲ್ಲರ ಕಣ್ಣುಗಳೂ ನನ್ನ ಕಡೆ ಮರಳಿದವು. ಮುಂದಿನದು ತಮಗೆ ಗೊತ್ತೇ ಇದೆ.

ಅಷ್ಟು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರೂ ಒಂದು ಬೆರಳನ್ನೂ ಅದುರಿಸದ ತಮ್ಮ ಸ್ಥೈರ್ಯಕ್ಕೆ ನಾನು ತಲೆಬಾಗುತ್ತೇನೆ. ಈ ಸಲ ಬೇಕೆಂದೇ. ಆದರೂ ತಾವು ಪಂದ್ಯಾವಳಿಯ ಸಮಿತಿಯ ಮುಂದೆ ಹಾಜರಾಗಿ, ನಾನು ಗೆದ್ದ ಒಂದೊಂದು ಅಂಕಕ್ಕೂ ಒಂದೊಂದು ಸಲ ಲೊಚಗುಟ್ಟಿ ಸಾಕ್ಷಿ ನುಡಿಯಬೇಕೆಂದು ಕೋರುತ್ತೇನೆ. ಅದು ಆಗದಿದ್ದಲ್ಲಿ, ಮುಂದೆ ಯಾವಾಗಲಾದರೂ ತುಂಬಿದ ಸಭೆಯಲ್ಲಿ ತಾವು ಗಾಬರಿಬಿದ್ದು, ಕಾಲು ಜಾರಿ, ಹುಳುವಿನ ಬದಲು ಗೋಡೆಯ ಸುಣ್ಣ ಕಚ್ಚಿ, ಎಂಥವರಿಗೂ ಹೀಗಾಗುತ್ತದೆಂದು ತೋರಿಸಿಕೊಡಬೇಕು.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಅಮ್ಮನ ಮುಖ ಅರಳಿತ್ತು. "ನಾನು ರೆಪ್ಪೆ ಮಿಟುಕಿಸ್ದೆ ನೋಡ್ತಿದ್ದೆ ಕಣೇ, ಆದ್ರೂ ಅದು ಹಿಡಿದೇ ಬಿಡ್ತು! ಅಂದ್ಮೇಲೆ ನನ್ನ ಕಣ್ಣಲ್ಲಿ ಏನೂ ದೋಷ ಇಲ್ಲ ಅಂತಾಯ್ತಲ್ಲ" ಎಂದಳು. ಇಷ್ಟು ವರ್ಷ ನಾನು ಬಾಯಿ ನೋಯುವಂತೆ ಹೇಳಿ ಒಪ್ಪಿಸಲಾಗದ್ದನ್ನು ತಾವು ಒಂದೇ ತುತ್ತಿನಲ್ಲಿ ಒಪ್ಪಿಸಿದಿರಿ. ಇದಕ್ಕೆ ಕೃತಜ್ಞತೆ ಹೇಳಬೇಕೋ, ಇದನ್ನೂ ದೂರಿನಲ್ಲಿ ಸೇರಿಸಬೇಕೋ ತಿಳಿಯದೆ ಇಲ್ಲಿಗೆ ನಿಲ್ಲಿಸುತ್ತೇನೆ.

ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮಹಡಿಯ ಕರಡು ತಿದ್ದುವವಳು

ಮರೆತ ಮಾತು: ಮುಂದಿನ ಪಂದ್ಯಾವಳಿಗೂ ಅಮ್ಮ ಬರುತ್ತಾಳಂತೆ. ಅಂದು ತಾವು ದಯವಿಟ್ಟು ಬೇರೆಲ್ಲಾದರೂ ಊಟ ಮುಗಿಸಿಕೊಳ್ಳಿ. ನಾನು ಸೋಲುವುದನ್ನಾದರೂ ಅವಳು ಪೂರ್ತಿ ನೋಡಲಿ.