ಪಳಗಿದ ಕೈ

ಎಲ್ಲ ಶುರುವಾದದ್ದು ನಾದಿನಿ ಕಳಿಸಿದ ಒಂದು ಪಾರ್ಸೆಲ್ಲಿನಿಂದ.

ಲೆನ್ ಪ್ಲುಟಾನ ಹುಟ್ಟುಹಬ್ಬ ಜುಲೈ ಮೂವತ್ತೊಂದಕ್ಕೆ. ಅರಿಜೋನಾದಲ್ಲಿದ್ದ ಹೆಂಡತಿಯ ತಂಗಿಗೆ ಆ ತಾರೀಕು ಒಂದು ವರ್ಷವೂ ನೆನಪಿರುತ್ತಿರಲಿಲ್ಲ, ಮತ್ತು ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈ ವರ್ಷ ಹಾಳಾದ್ದು ನೆನಪಾಗಿಬಿಟ್ಟಿತು. ಲೆನ್ ಮನೆಯ ಮುಂದಿನ ಮೆಟ್ಟಿಲ ಮೇಲೆ ನಿಂತೇ ಪೊಟ್ಟಣ ಹರಿದ. ಒಳಗಿನಿಂದ ನಮ್ಮೂರ ಬೇಸ್‌ಬಾಲ್ ತಂಡದ ಬಿಳಿ ಅಂಗಿ ಜಾರಿ ಬಂತು. ಬೆನ್ನ ಮೇಲೆ ನೀಲಿ ಅಕ್ಷರಗಳಲ್ಲಿ ‘ಸ್ಟ್ರೋಬೆಲ್’ ಎಂದಿತ್ತು.

ಲೆನ್ ಹಾವು ತುಳಿದವನಂತೆ ಬೆಚ್ಚಿಬಿದ್ದು ಅಂಗಿಯನ್ನು ಕಂಕುಳಿಗೆ ತುರುಕಿಕೊಂಡ. ಆದರೆ ಎದುರು ಮನೆಯ ಗಸ್ ಹೈನ್ಜಲ್ ಹುಲ್ಲಿಗೆ ನೀರು ಬಿಡುತ್ತಾ ನಿಂತಿದ್ದ. ಗಸ್‌ನ ಕಣ್ಣಿಗೆ ನೆರೆಮನೆಯವರ ಅಡುಗೆಮನೆಯ ಹಬೆ ಕೂಡ ತಪ್ಪಿಸಿಕೊಂಡದ್ದಿಲ್ಲ.

"ಲೇ ಲೆನ್! ಅದು ಸ್ಟ್ರೋಬೆಲ್ ಅಂಗಿ ಅಲ್ವೇನೋ? ಕೊನೆಗೂ ತಗೊಂಡ್ಯಾ? ದೇವರಿದ್ದಾನೆ ಕಣೋ, ಇವತ್ತೇ ತಗೊಂಡ್ಯಲ್ಲ!"

ಗಸ್‌ಗೆ ಯಾಕೆ ಇಷ್ಟು ಖುಷಿ ಎಂದು ತಿಳಿಯಲು ಮಿಲ್ವಾಕಿ ಊರಿನ ದಕ್ಷಿಣ ಭಾಗಕ್ಕೆಲ್ಲ ಗೊತ್ತಿದ್ದ ಒಂದು ಸಂಗತಿ ಗೊತ್ತಿರಬೇಕು. ಲೆನ್ ಯಾವ ಆಟಗಾರನ ಹೆಸರಿನ ಅಂಗಿ ತೊಡುತ್ತಾನೋ ಆ ಆಟಗಾರ ಊರು ಬಿಡುತ್ತಾನೆ. ಮೊದಲು ಒಬ್ಬ ಕ್ಯಾಚರ್ ಹೋದ. ಆಮೇಲೆ ಒಬ್ಬ ಹೊಡೆತಗಾರ, ಅವನ ಹಿಂದೆಯೇ ಇನ್ನೊಬ್ಬ. ಹೆದರಿದ ಲೆನ್ ಆಟಗಾರರ ಸಹವಾಸವೇ ಬೇಡವೆಂದು, ರೇಡಿಯೋದಲ್ಲಿ ಆಟದ ವಿವರಣೆ ಹೇಳುವ ಮುದುಕನ ಚಿತ್ರವಿದ್ದ ಬನಿಯನ್ನು ಕೊಂಡ. ಆ ಮುದುಕ ಅದೇ ತಿಂಗಳು ಸಾಮಾನು ಕಟ್ಟಿಕೊಂಡು ಫ್ಲಾರಿಡಾಕ್ಕೆ ಹೋದ. ಅಂದಿನಿಂದ ಲೆನ್ ಆಟಕ್ಕೆ ಹೋದರೆ ಹೆಸರು, ಚಿತ್ರ ಏನೂ ಇಲ್ಲದ ಬೂದು ಅಂಗಿಯಲ್ಲೇ ಹೋಗುತ್ತಿದ್ದ.

ಎಮೆಟ್ ಸ್ಟ್ರೋಬೆಲ್ ಎಂದರೆ ಅವನಿಗೆ ಪ್ರಾಣ. ಹದಿನಾಲ್ಕು ವರ್ಷದಿಂದ ಒಂದೇ ತಂಡಕ್ಕೆ ಎಡಗೈಯಲ್ಲಿ ಚೆಂಡೆಸೆಯುತ್ತಿದ್ದ ಪಿಚರ್ ಅವನು. ಊರಿನಲ್ಲಿ ಅವನ ಹೆಸರಿನ ಅಂಗಿ ಇಲ್ಲದವನು ಲೆನ್ ಒಬ್ಬನೇ, ಮತ್ತು ಅವನಷ್ಟು ಸ್ಟ್ರೋಬೆಲ್‌ನನ್ನು ಪ್ರೀತಿಸಿದವನೂ ಲೆನ್ ಒಬ್ಬನೇ. ಹದಿನಾಲ್ಕು ವರ್ಷ ಆಸೆ ಹತ್ತಿಕ್ಕಿಕೊಂಡು ಆ ಅಂಗಿ ಕೊಳ್ಳದೆ ಅವನನ್ನು ಊರಿನಲ್ಲಿ ಉಳಿಸಿಕೊಂಡದ್ದು ತಾನೇ ಎಂದು ಲೆನ್ ಮನಸಾರೆ ನಂಬಿದ್ದ.

ಈಗ ಸ್ಟ್ರೋಬೆಲ್‌ನಿಗೆ ಮೂವತ್ತೆಂಟು. ಕೈ ಸ್ವಲ್ಪ ಸೋತಿತ್ತು, ತಂಡ ಪೂರಾ ಸೋತಿತ್ತು. ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಗಡುವು ಆ ದಿನ ಸಂಜೆ ಐದಕ್ಕೆ ಮುಗಿಯುತ್ತಿತ್ತು. ಐದು ದಾಟಿದರೆ ಈ ವರ್ಷದ ಮಟ್ಟಿಗೆ ಸ್ಟ್ರೋಬೆಲ್ ನಮ್ಮವನು.

"ಸಂಜೆ ಐದರೊಳಗೆ ಒಂದು ಸಲ ಹಾಕ್ಕೊಂಡುಬಿಡೋ," ಎಂದ ಗಸ್, ನೀರಿನ ಕೊಳವೆಯನ್ನು ತನ್ನ ಬೂಟಿನ ಮೇಲೇ ಬಿಟ್ಟುಕೊಂಡು. "ಇನ್ನು ಎರಡು ತಿಂಗಳಾದ್ರೆ ಅವನ ಒಪ್ಪಂದ ಮುಗಿಯುತ್ತೆ. ಬರಿಗೈಲಿ ಬಿಟ್ಟುಕೊಡೋ ಬದಲು ಈಗ ಕೊಟ್ರೆ ಇಬ್ಬರು ಒಳ್ಳೆ ಹುಡುಗರು ಸಿಗ್ತಾರೆ."

"ನನ್ನ ಹೆಣದ ಮೇಲೂ ಇದನ್ನ ಹಾಕಬೇಡಿ," ಎಂದು ಲೆನ್ ಒಳಗೆ ಓಡಿದ.

ಒಳಗೆ ಹೆಂಡತಿ ಡೊರೀನ್ ಅಂಗಿ ನೋಡಿ, "ಚೆನ್ನಾಗಿದೆ, ಹಾಕ್ಕೊಳ್ಳಿ. ಆ ಮುದಿ ಸ್ಟ್ರೋಬೆಲ್ ಹೋದ್ರೆ ನೀವು ರಾತ್ರಿ ಟೀವಿ ಮುಂದೆ ಅಳೋದಾದ್ರೂ ನಿಲ್ಲುತ್ತೆ," ಎಂದಳು. ಮನೆಯಲ್ಲೇ ಶತ್ರುವಿದ್ದ ಮೇಲೆ ಅಂಗಿಯನ್ನು ಮನೆಯಲ್ಲಿ ಬಿಡುವಂತಿರಲಿಲ್ಲ. ಲೆನ್ ಅದನ್ನು ಊಟದ ಚೀಲದಲ್ಲಿ ಬ್ರೆಡ್ಡಿನ ಕೆಳಗೆ ಅಡಗಿಸಿ ಕೆಲಸಕ್ಕೆ ಹೊರಟ. ಅವನ ಲೆಕ್ಕ ಸರಳವಾಗಿತ್ತು. ಮಧ್ಯಾಹ್ನ ರಜೆ ಕೇಳಿ, ಊರವರೆಲ್ಲ ಸೇರುವ ಆರ್ಲೀನ್‌ಳ ಬಾರಿಗೆ ಹೋಗುವುದು, ಅಂಗಿಯನ್ನು ಅವಳ ಕೈಗೆ ಕೊಡುವುದು, ಅವಳು ಅದನ್ನು ಐದರವರೆಗೆ ಬೀರಿನ ಪೀಪಾಯಿಗಳ ಹಿಂದೆ ಬೀಗ ಹಾಕಿಡುವುದು.

ನಲ್ಲಿ, ಪೈಪು, ವಾಷರುಗಳನ್ನು ಮಾರುವ ಅಂಗಡಿಯ ಕೌಂಟರಿನಲ್ಲಿ ಲೆನ್‌ಗೆ ಇಪ್ಪತ್ತೆರಡು ವರ್ಷ ಕಳೆದಿತ್ತು. ಅಂಗಡಿಯ ಮ್ಯಾನೇಜರು ಹಾಲ್ವರ್ಸನ್ ಬೇಸ್‌ಬಾಲ್ ಬಿಟ್ಟರೆ ಬೇರೆ ಮಾತೇ ಆಡದ ಮನುಷ್ಯ. ಅವರು ಸ್ಟ್ರೋಬೆಲ್‌ನನ್ನು ಮಾರಬೇಕೆನ್ನುವ ಪಕ್ಷ. ಲೆನ್ ರಜೆ ಕೇಳಲು ಹೋದಾಗ ಅವರು ಫೋನಿನಲ್ಲಿದ್ದರು.

"ಪಳಗಿದ ಕೈ ಕಣಯ್ಯಾ, ಹಾಗೆಲ್ಲ ಸುಮ್ನೆ ಕೊಡೋಕಾಗುತ್ತಾ?... ಹೂಂ, ಈಚೀಚೆಗೆ ಸ್ವಲ್ಪ ನಿಧಾನ, ಒಪ್ತೀನಿ... ಇಬ್ಬರೇನಾ? ಗಟ್ಟಿಮುಟ್ಟಾದ ಹುಡುಗರು ತಾನೆ?... ಸರಿ, ಐದರೊಳಗೆ ಹೇಳ್ತೀನಿ." ಫೋನಿಟ್ಟು ಹಣೆಯೊರೆಸಿಕೊಂಡರು. "ಲೆನ್, ಒಳ್ಳೆ ಸಮಯಕ್ಕೆ ಬಂದೆ. ಮನಸ್ಸು ಬಿಚ್ಚಿ ಹೇಳು. ವರ್ಷಗಟ್ಟಲೆ ಒಂದೇ ಕಡೆ ದುಡಿದ ಪಳಗಿದ ಕೈ. ಎಲ್ಲರಿಗೂ ಬೇಕಾದವನು. ಆದ್ರೆ ಈಗ ಕೊಟ್ರೆ ಬದಲಿಗೆ ಇಬ್ಬರು ಹುಡುಗರು ಸಿಗ್ತಾರೆ. ಕೊಡಬೇಕಾ, ಇಟ್ಕೋಬೇಕಾ? ನನಗಂತೂ ರಾತ್ರಿಯೆಲ್ಲ ನಿದ್ದೆಯಿಲ್ಲ."

ಲೆನ್‌ನ ಗಂಟಲಿನವರೆಗೆ ಬಂದ ಮಾತು ಬೇರೆಯೇ. ಆದರೆ ಎದುರಾಡಿದರೆ ಈ ಮನುಷ್ಯ ಒಂದು ಗಂಟೆ ವಾದ ಮಾಡುತ್ತಾರೆ, ಕೊನೆಗೆ ರಜೆಯೂ ಸಿಗುವುದಿಲ್ಲ. ಅಷ್ಟಕ್ಕೂ ಇವರೇನು ತಂಡದ ಯಜಮಾನರೇ? ನಲ್ಲಿ ಅಂಗಡಿಯಲ್ಲಿ ಆಡಿದ ಮಾತಿಗೆ ಯಾರು ಎಲ್ಲಿಗೆ ಹೋಗುತ್ತಾರೆ?

"ಕೊಟ್ಟುಬಿಡಿ ಸಾರ್," ಎಂದ ಎದೆ ಸೆಟೆಸಿ. "ಇದರಲ್ಲಿ ಯೋಚನೆ ಮಾಡೋದೇನಿದೆ? ವಯಸ್ಸಾದ ಮೇಲೆ ಯಾರಾದ್ರೂ ಅಷ್ಟೇ. ಬೆಲೆ ಇರೋವಾಗಲೇ ಸಾಗಹಾಕಬೇಕು."

"ನಿಜವಾಗ್ಲೂ ಹೇಳ್ತಿದ್ದೀಯಾ? ಬೇಜಾರಾಗಲ್ವಾ?"

"ಬೇಜಾರು ಎರಡು ದಿನ ಸಾರ್. ಆಮೇಲೆ ಹೊಸ ಜಾಗ ಅವನಿಗೂ ಒಗ್ಗುತ್ತೆ. ಅಂದಹಾಗೆ, ನನಗೆ ಮಧ್ಯಾಹ್ನ ರಜೆ ಬೇಕಿತ್ತು."

ಹಾಲ್ವರ್ಸನ್ ಕಣ್ಣು ತೇವವಾಯಿತು. ಎದ್ದು ಬಂದು ಲೆನ್‌ನ ಕೈ ಕುಲುಕಿದರು. "ದೊಡ್ಡ ಮನಸ್ಸಪ್ಪ ನಿನ್ನದು. ರಜೆ ತಾನೆ? ಹೋಗು, ಆರಾಮಾಗಿರು." ಒಂದು ರಜೆಗೆ ಇಷ್ಟು ಮರ್ಯಾದೆ ಯಾಕೆಂದು ಲೆನ್‌ಗೆ ಹೊಳೆಯಲಿಲ್ಲ, ಹೊಳೆಯಿಸಿಕೊಳ್ಳುವ ವ್ಯವಧಾನವೂ ಇರಲಿಲ್ಲ.

ಆರ್ಲೀನ್‌ಳ ಬಾರು ಆಗಲೇ ತುಂಬಿಹೋಗಿತ್ತು. ಕೊಳವೆ ಬಿಸಾಕಿ ಬಂದಿದ್ದ ಗಸ್ ಸುದ್ದಿ ಹಬ್ಬಿಸಿದ್ದ. ಲೆನ್ ಒಳಗೆ ಕಾಲಿಟ್ಟ ಕೂಡಲೇ ಅರ್ಧ ಜನ ಚಪ್ಪಾಳೆ ತಟ್ಟಿದರು, ಉಳಿದರ್ಧ ಬಯ್ದರು.

ಆರ್ಲೀನ್‌ಗೆ ಎಪ್ಪತ್ತು ದಾಟಿದೆ. ಸ್ಟ್ರೋಬೆಲ್‌ನ ಕಟ್ಟಾ ಅಭಿಮಾನಿ. ಅವನ ಚಿತ್ರ ಅವಳ ಗಂಡನ ಚಿತ್ರಕ್ಕಿಂತ ಮೇಲಿನ ಮೊಳೆಯಲ್ಲಿತ್ತು. "ಕೊಡೋ ಇಲ್ಲಿ ಆ ಅಂಗಿ," ಎಂದು ಕೈ ಚಾಚಿದಳು. "ಒಲೆಗೆ ಹಾಕ್ತೀನಿ."

"ಹಾಕು ನೋಡೋಣ!" ಎಂದ ಗಸ್. "ಕಳೆದ ತಿಂಗಳು ಅವನೆಸೆದ ಚೆಂಡುಗಳನ್ನ ನೋಡಿದ್ದೀಯಾ ಆರ್ಲೀನ್? ನಮ್ಮಜ್ಜಿ ಬೆಕ್ಕಿಗೆ ಉಂಡೆ ದಾರ ಉರುಳಿಸಿದ ಹಾಗೆ ಬರ್ತಿತ್ತು."

"ಚಾಂಪಿಯನ್ ಆದ ವರ್ಷ ಮುರಿದ ಬೆರಳಿನಲ್ಲಿ ಎಸೆದಿದ್ನಲ್ಲ, ಅವತ್ತು ನಿನ್ನಜ್ಜಿ ಎಲ್ಲಿದ್ಲು?"

"ಅದು ಆಗಿನ ಮಾತು!"

"ಆಗ ತಿಂದ ಅನ್ನ ಈಗ ಮರೆತ್ಯಾ? ನಾಳೆ ನಿನಗೆ ವಯಸ್ಸಾದ್ರೆ ನಿನ್ನ ಹೆಂಡ್ತಿ ನಿನ್ನ ಕೊಟ್ಟು ಇಬ್ಬರು ಹುಡುಗರನ್ನ ತಗೋತಾಳೇನೋ?"

"ಇಬ್ಬರು ಯಾಕೆ, ಒಬ್ಬ ಸಿಕ್ಕಿದ್ರೂ ಕೊಟ್ಟಾಳು," ಎಂದು ಯಾರೋ ಹಿಂದಿನಿಂದ ಕೂಗಿದರು. ನಗು ಎದ್ದಿತು. ಆ ನಗುವಿನ ಗದ್ದಲದಲ್ಲಿ ಗಸ್‌ನ ಮೊಣಕೈ ಜಾರಿತೋ, ಜಾರಿಸಿದನೋ, ದೊಡ್ಡ ಜಗ್ಗಿನ ಬೀರು ಪೂರಾ ಲೆನ್‌ನ ಎದೆಯ ಮೇಲೆ ಸುರಿಯಿತು. ಅಂಗಿ, ಬನಿಯನ್ನು ಎಲ್ಲ ತೊಪ್ಪೆಯಾದವು.

ಲೆನ್ ಒದ್ದೆ ಬಟ್ಟೆ ಕಳಚಿದ. ಆರ್ಲೀನ್‌ಳ ಬಾರಿನಲ್ಲಿ ಮೈ ಬಿಟ್ಟು ಕೂರುವಂತಿಲ್ಲ, ಅದು ಅವಳ ಗಂಡನ ಕಾಲದ ಕಟ್ಟಳೆ. ಇಡೀ ಕಟ್ಟಡದಲ್ಲಿ ಅವನ ಮೈಗೆ ಹಿಡಿಸುವ ಒಣ ಬಟ್ಟೆ ಇದ್ದದ್ದು ಊಟದ ಚೀಲದಲ್ಲಿ.

"ಹಾಕ್ಕೋ, ಹಾಕ್ಕೋ!" ಎಂದು ಗಸ್‌ನ ಪಕ್ಷ ಮೇಜು ಕುಟ್ಟಿತು.

"ಹೆಸರು ಕಿತ್ತು ಹಾಕಿ ಕೊಡ್ತೀನಿ," ಎಂದಳು ಆರ್ಲೀನ್. ಬೌಲಿಂಗ್ ತಂಡದವರ ಅಂಗಿ ಹೊಲಿಯಲು ಮಹಡಿಯ ಮೇಲೆ ಅವಳ ಮೆಷಿನ್ನು ಇತ್ತು. ಕತ್ತರಿ ತಂದು ಕೂತವಳೇ ಒಂದೊಂದೇ ನೀಲಿ ಅಕ್ಷರ ಬಿಚ್ಚಿದಳು. ಬೆನ್ನು ಬರಿದಾಯಿತು.

ಆಗ ಗಸ್ ಒಂದು ಮಾತು ಹೇಳಿದ. "ತಂಡದ ಅಂಗಿ, ಆದ್ರೆ ಮೇಲೆ ಹೆಸರೇ ಇಲ್ಲ. ಅಂದ್ರೆ ಅದು ಯಾರದು? ಇಡೀ ತಂಡದ್ದು. ಇವನು ಅದನ್ನ ಹಾಕ್ಕೊಂಡ್ರೆ ಯಾರು ಹೋಗ್ತಾರೆ?"

 ಹಿಂದೊಮ್ಮೆ ಈ ಊರಿನಿಂದ ಒಂದು ತಂಡ ಪೂರಾ ಗಂಟುಮೂಟೆ ಕಟ್ಟಿ ದಕ್ಷಿಣಕ್ಕೆ ಹೋಗಿತ್ತು. ಅದನ್ನು ನೋಡಿದ ಮುದುಕರು ಅಲ್ಲಿ ಮೂವರಿದ್ದರು. ಒಬ್ಬರು ಶಿಲುಬೆಯ ಗುರುತು ಮಾಡಿಕೊಂಡರು.

"ಏನೇ ಆಗಲಿ, ಒಂದು ಹೆಸರು ಇರಲೇಬೇಕು," ಎಂದಳು ಆರ್ಲೀನ್, ಮೊದಲ ಬಾರಿಗೆ ಗಸ್‌ನ ಮಾತಿಗೆ ತಲೆದೂಗಿ. "ಯಾರ ಹೆಸರು? ನಮ್ಮವರು ಯಾರೂ ಹೋಗಬಾರದು."

ಬರಿಮೈಯಲ್ಲಿ ನಿಂತಿದ್ದ ಲೆನ್‌ಗೆ ಆ ಕ್ಷಣ ಹೊಳೆದದ್ದು ತನ್ನ ಜೀವಮಾನದಲ್ಲೇ ಅತ್ಯುತ್ತಮ ಉಪಾಯ ಎಂದು ಅನಿಸಿತು. ಅವನು ಕುರ್ಚಿಯ ಮೇಲೆ ಹತ್ತಿ ನಿಂತ.

"ನನ್ನ ಹೆಸರೇ ಹಾಕಿ! ಪ್ಲುಟಾ ಅನ್ನೋ ಆಟಗಾರ ಯಾವ ತಂಡದಲ್ಲೂ ಇಲ್ಲ. ನನ್ನನ್ನ ಯಾರು ಯಾರಿಗೆ ಮಾರ್ತಾರೆ?"

ಬುದ್ಧಿವಂತ ಎಂದು ಯಾರೂ ಯಾವತ್ತೂ ಕರೆಯದಿದ್ದ ಲೆನ್‌ಗೆ ಎರಡೂ ಪಕ್ಷದವರು ಭೇಷ್ ಎಂದರು. ಇದ್ದ ಇಂಗ್ಲಿಷ್ ಅಕ್ಷರಗಳಲ್ಲೇ ಆರ್ಲೀನ್ ಕೆಲಸ ಮುಗಿಸಿದಳು. ‘ಎಲ್’ ಮತ್ತು ‘ಟಿ’ ಹಾಗೇ ಸಿಕ್ಕವು. ‘ಆರ್’ನ ಕಾಲು ಕತ್ತರಿಸಿ ‘ಪಿ’ ಮಾಡಿದಳು, ‘ಓ’ದ ತಲೆ ಹಾರಿಸಿ ‘ಯು’ ಮಾಡಿದಳು, ‘ಇ’ಯನ್ನು ತುಂಡರಿಸಿ ಒಂದು ಸೊಟ್ಟ ‘ಎ’ ಜೋಡಿಸಿದಳು. ಬೆನ್ನ ಮೇಲೆ ತನ್ನ ಹೆಸರು ಹೊತ್ತು ಬಾರಿನಲ್ಲಿ ಓಡಾಡಿದ ಲೆನ್‌ಗೆ, ತಾನೇ ಮೈದಾನಕ್ಕಿಳಿಯುತ್ತಿದ್ದೇನೆ ಎನ್ನುವಷ್ಟು ಹೆಮ್ಮೆಯಾಯಿತು.

ಆಮೇಲೆ ಟೀವಿಯ ಮುಂದೆ ಎಲ್ಲರೂ ಕೂತರು. ಪರದೆಯ ಕೆಳಗೆ ಹೆಸರುಗಳು ಹರಿಯುತ್ತಿದ್ದವು. ಅವನು ಅಲ್ಲಿಗೆ, ಇವನು ಇಲ್ಲಿಗೆ. ಪ್ರತಿ ಹೆಸರಿಗೂ ಲೆನ್ ಪಕ್ಕದವನ ತೊಡೆ ಹಿಂಡುತ್ತಿದ್ದ. ಪಕ್ಕದಲ್ಲಿದ್ದವನು ಗಸ್, ಆದರೆ ಆಗ ಅದೂ ಗಮನಕ್ಕೆ ಬರಲಿಲ್ಲ. ಗಡಿಯಾರ ಐದು ಹೊಡೆಯಿತು. ವರದಿಗಾರ ಮೈಕು ಹಿಡಿದು ಹೇಳಿದ, ಸ್ಟ್ರೋಬೆಲ್ ಮಿಲ್ವಾಕಿಯಲ್ಲೇ ಉಳಿದ.

ಆರ್ಲೀನ್ ಕೌಂಟರಿನ ಮೇಲೆ ಹತ್ತಿ ಕುಣಿದಳು. ಲೆನ್ ಮಗುವಿನಂತೆ ಅತ್ತ. ಸೋತ ಗಸ್ ಕೂಡ ಮೂಗೊರೆಸಿಕೊಂಡು, "ಹಾಳಾಗಿ ಹೋಗಲಿ, ಅವನಿಲ್ದೆ ನನಗೂ ಬೇಜಾರಾಗ್ತಿತ್ತು," ಎಂದ. ಲೆನ್‌ನನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಹೊರಡಿಸಿದರು. ಮೆರವಣಿಗೆ ಬಾಗಿಲು ತಲುಪುವಾಗ ಬಾಗಿಲು ತೆರೆದು ಹಾಲ್ವರ್ಸನ್ ಒಳಗೆ ಬಂದರು.

"ಸಾರ್! ಸ್ಟ್ರೋಬೆಲ್ ಉಳಿದ ಸಾರ್!" ಎಂದು ಲೆನ್ ಹೆಗಲ ಮೇಲಿಂದಲೇ ಕೂಗಿದ. "ನಿಮ್ಮ ಮಾತು ನಡೀಲಿಲ್ಲ!"

"ಸ್ಟ್ರೋಬೆಲ್? ಅವನ ವಿಷಯ ಯಾರು ಮಾತಾಡಿದ್ರು?" ಹಾಲ್ವರ್ಸನ್ ಟೋಪಿ ತೆಗೆದು ಎದೆಗೊತ್ತಿಕೊಂಡರು. "ಲೆನ್, ನಮ್ಮ ವಿಷಯ ಮುಗೀತಪ್ಪ. ಶಿಕಾಗೋ ಶಾಖೆಯವರು ಕೌಂಟರಿಗೆ ಒಬ್ಬ ಪಳಗಿದ ಕೈ ಬೇಕು ಅಂತ ಪೀಡಿಸ್ತಿದ್ರು. ತಿಂಗಳ ಕೊನೆ, ಇವತ್ತು ಐದರೊಳಗೆ ಹೇಳಬೇಕಿತ್ತು. ನನಗೆ ಮನಸ್ಸೇ ಇರಲಿಲ್ಲ. ನೀನೇ ‘ಕೊಟ್ಟುಬಿಡಿ, ಬೆಲೆ ಇರೋವಾಗಲೇ ಸಾಗಹಾಕಿ’ ಅಂದೆ. ಆ ಮಾತಿಗೆ ಹೆಡ್ಡಾಫೀಸಿನವರೂ ಕಣ್ಣೀರಿಟ್ರು. ಸೋಮವಾರದಿಂದ ನೀನು ಶಿಕಾಗೋದವನು."

ಹೊತ್ತವರು ಲೆನ್‌ನನ್ನು ನಿಧಾನವಾಗಿ ಕೆಳಗಿಳಿಸಿದರು. ಮಿಲ್ವಾಕಿಯವನಿಗೆ ನರಕ ಎಲ್ಲಿದೆ ಎಂದು ಕೇಳಿದರೆ, ಸರೋವರದ ದಂಡೆ ಹಿಡಿದು ದಕ್ಷಿಣಕ್ಕೆ ಹೋಗು, ಶಿಕಾಗೋ ಎಂಬ ಬೋರ್ಡು ಕಾಣುತ್ತದೆ ಎನ್ನುತ್ತಾನೆ. ಎಲ್ಲರ ಕಣ್ಣೂ ಅವನ ಬೆನ್ನ ಮೇಲಿನ ಐದು ಅಕ್ಷರಗಳ ಕಡೆಗೆ ಹೋಯಿತು.

"ಬದಲಿಗೆ ಏನು ಸಿಕ್ಕಿತು?" ಗಸ್ ಪಿಸುಗುಟ್ಟಿದ.

"ಇಬ್ಬರು ಹುಡುಗರು," ಎಂದರು ಹಾಲ್ವರ್ಸನ್. "ಜೊತೆಗೆ ಇನ್ನೊಬ್ಬ. ಬೇಸ್‌ಬಾಲಿನ ಅದಲುಬದಲಿನ ಹಾಗೇ, ಅವನ ಹೆಸರು ಆಮೇಲೆ ತಿಳಿಸ್ತಾರಂತೆ."

ಗಸ್ ಗಲ್ಲ ತುರಿಸಿಕೊಂಡು ಯೋಚಿಸಿದ. "ಐವತ್ತೊಂದು ವರ್ಷದವನಿಗೆ ಮೂವರು. ಒಳ್ಳೆ ವ್ಯಾಪಾರ ಬಿಡಿ."

"ಮೊಣಕಾಲು ಬೇರೆ ನೋವು ಇವನಿಗೆ," ಎಂದರು ಮಾರಬೇಡವೆನ್ನುವ ಪಕ್ಷದ ಹಿರಿಯರೊಬ್ಬರು. "ಈಗಲೇ ಕೊಟ್ಟದ್ದು ಒಳ್ಳೇದಾಯ್ತು." ಬೆಳಗಿನಿಂದ ಎರಡಾಗಿದ್ದ ಬಾರು ಆಗ ಒಂದಾಯಿತು.

ಲೆನ್ ಅಂಗಿ ಬಿಚ್ಚಿದ, ಮಡಚಿದ, ಕೌಂಟರಿನ ಮೇಲಿಟ್ಟು ಆರ್ಲೀನ್ ಕಡೆ ಬಾಗಿದ.

"ಆರ್ಲೀನ್, ನಿನ್ನ ಹತ್ರ ಚೂರುಪಾರು ಬಟ್ಟೆ ಇನ್ನೂ ಇದೆಯಾ? ಇದರ ಮೇಲೆ ‘ಹಾಲ್ವರ್ಸನ್’ ಅಂತ ಹೊಲಿಯೋಕೆ ಅಕ್ಷರ ಸಾಲುತ್ತಾ ನೋಡು."

ಆರ್ಲೀನ್ ಗಡಿಯಾರ ನೋಡಿದಳು. ಆಮೇಲೆ ಅವನ ಮುಂದೆ ಒಂದು ಗ್ಲಾಸು ಬೀರು ತುಂಬಿಟ್ಟು ಅವನ ಕೈ ತಟ್ಟಿದಳು.

"ಅಕ್ಷರ ಹೇಗಾದ್ರೂ ಹೊಂದಿಸ್ತೀನಿ ಕಣೋ. ಆದ್ರೆ ಗಡುವು ಮುಗೀತಲ್ಲ."