ಬಲಬದಿಗೆ ಬಡ್ತಿ ಕೊಟ್ಟ ಹಡಗಿನವರಿಗೆ

ವಿಹಾರ ಹಡಗಿನ ಕಂಪನಿಯ ಕೋಣೆ ಹಂಚಿಕೆ ವಿಭಾಗದ ಮುಖ್ಯಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಹಡಗೂ, ಹಡಗಿನ ಹನ್ನೊಂದು ಅಂತಸ್ತುಗಳೂ, ಅಂತಸ್ತಿಗೊಬ್ಬರಂತೆ ನಗುನಗುತ್ತ ನಿಂತಿರುವ ಸಿಬ್ಬಂದಿಯೂ ಕ್ಷೇಮವೆಂದು ನಂಬಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ನಾವು ಗಂಡ ಹೆಂಡತಿ ಇಬ್ಬರೂ ಕ್ಷೇಮ. ತಮ್ಮಿಂದ ನಮಗಾದ ಮಹೋಪಕಾರವನ್ನು ಖಾಸಗಿಯಾಗಿ ನಾಲ್ಕು ಸಲ ನಿವೇದಿಸಿಕೊಂಡರೂ ನಾಲ್ಕು ಸಲವೂ "ನಿಮ್ಮ ಸಂತೋಷವೇ ನಮ್ಮ ಸಂತೋಷ" ಎಂಬ ಒಂದೇ ಉತ್ತರ ಬಂದದ್ದರಿಂದ, ಆ ಸಂತೋಷವನ್ನು ನಾಲ್ಕು ಜನರಿಗೆ ಹಂಚೋಣವೆಂದು ಪತ್ರಿಕೆಗೇ ಕಳುಹಿಸುತ್ತಿದ್ದೇನೆ.

ಮೊದಲು ನನ್ನ ಯೋಗ್ಯತೆಯನ್ನು ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಮೂವತ್ತೊಂದು ವರ್ಷ ಬಸ್ ಕಂಡಕ್ಟರನಾಗಿದ್ದು ನಿವೃತ್ತನಾದವನು. ಟಿಕೆಟ್ ಹರಿಯುವುದು, ಸೀಟಿ ಊದುವುದು ಯಾರಿಗಾದರೂ ಬರುತ್ತದೆ, ಕಂಡಕ್ಟರನ ನಿಜವಾದ ಪರೀಕ್ಷೆಯೆಂದರೆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಪ್ರಯಾಣಿಕರು ಕೇಳುವ "ಬಿಸಿಲು ಯಾವ ಕಡೆ ಬರುತ್ತೆ ಕಂಡಕ್ಟರ್ರೇ?" ಎಂಬ ಪ್ರಶ್ನೆ. ಹೊರಡುವ ಹೊತ್ತು, ರಸ್ತೆಯ ತಿರುವು, ವರ್ಷದ ತಿಂಗಳು ಮೂರನ್ನೂ ಲೆಕ್ಕ ಹಾಕಿ ನಾನು ತೋರಿಸಿದ ಕಡೆ ಕೂತವರು ಯಾರೂ ತಲೆಯ ಮೇಲೆ ಟವೆಲ್ ಎಳೆದುಕೊಂಡದ್ದಿಲ್ಲ. ನಮ್ಮ ಡ್ರೈವರ್ ಕೂಡ ತನ್ನ ಅತ್ತೆ ಬಸ್ಸು ಹತ್ತಿದರೆ ನನ್ನನ್ನು ಕೇಳಿಯೇ ಸೀಟು ಕೊಡಿಸುತ್ತಿದ್ದ. ಅತ್ತೆಗೆ ಬಿಸಿಲಿನ ಕಡೆಯೇ ಆಗಬೇಕೆನ್ನುತ್ತಿದ್ದದ್ದು ಬೇರೆ ಮಾತು.

ಇಂಥ ನಾನು ತಮ್ಮ ಹಡಗಿನಲ್ಲಿ ಕೋಣೆ ಕಾದಿರಿಸಲು ಆರು ವಾರ ತೆಗೆದುಕೊಂಡೆನೆಂದರೆ ಅದಕ್ಕೆ ಕಾರಣವಿದೆ. ನನ್ನ ಹೆಂಡತಿ ಹುಟ್ಟಿದ್ದು ಲೈಟ್‌ಹೌಸ್ ಇರುವ ಒಂದು ಪುಟ್ಟ ದ್ವೀಪದಲ್ಲಿ. ಅವಳ ಅಪ್ಪ ಅಲ್ಲಿ ದೀಪ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ಜ್ವರ ಬಂದು ತೀರಿಕೊಂಡರು. ದೋಣಿ ಬರಲು ಇನ್ನೂ ಐದು ದಿನವಿದ್ದುದರಿಂದ ಮನೆಯ ಹಿತ್ತಲಲ್ಲೇ ಮಣ್ಣು ಮಾಡಿದರು. ಆಮೇಲೆ ಅಪ್ಪನಿಗೆ ವರ್ಗವಾಯಿತು, ಇವಳು ಮತ್ತೆಂದೂ ಅತ್ತ ಹೋಗಲಿಲ್ಲ. ಈಗ ಆ ದೀಪ ತಾನಾಗಿಯೇ ಹತ್ತಿಕೊಳ್ಳುತ್ತದಂತೆ. ದ್ವೀಪದಲ್ಲಿ ಜನವಿಲ್ಲ, ದೋಣಿಯೂ ಹೋಗುವುದಿಲ್ಲ. ತಮ್ಮ ಹಡಗು ಮಾತ್ರ ಮೂರನೆಯ ದಿನ ಸಂಜೆ ಹನ್ನೆರಡು ನಿಮಿಷ ಅದರ ಪಕ್ಕದಲ್ಲಿ ಹಾಯುತ್ತದೆ, ಬರುವಾಗ ಬೇರೆ ದಾರಿ ಹಿಡಿಯುತ್ತದೆ. ಆ ಹನ್ನೆರಡು ನಿಮಿಷಕ್ಕಾಗಿ ನಾವು ಹಡಗು ಹತ್ತಿದ್ದೇ ಹೊರತು ತಮ್ಮ ಈಜುಕೊಳಕ್ಕಾಗಿ ಅಲ್ಲ.

ಆರು ವಾರವೂ ನಮ್ಮ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡೇ ಇತ್ತು. ಮುಂದೆ ಚೂಪು, ಹಿಂದೆ ಅಗಲ ಇರುವುದರಿಂದ ಇಸ್ತ್ರಿಪೆಟ್ಟಿಗೆಯನ್ನೇ ಹಡಗು ಮಾಡಿಕೊಂಡು, ಉಪ್ಪಿನ ಡಬ್ಬಿಯನ್ನು ಲೈಟ್‌ಹೌಸ್ ಎಂದು ನಿಲ್ಲಿಸಿ, ದಿನಕ್ಕೆರಡು ಸಲ ಯಾನ ಮಾಡಿಸಿದೆ. ಗಡಿಯಾರ ರಿಪೇರಿ ಮಾಡುವ ನನ್ನ ತಮ್ಮ ಬಂದು, "ಅಣ್ಣಾ, ಸಮುದ್ರದಲ್ಲಿ ಎಡ ಏನು, ಬಲ ಏನು? ಎಲ್ಲಾ ಕಡೇನೂ ನೀರೇ ತಾನೆ!" ಎಂದು ನಕ್ಕ, ಆ ದಿನ ಅವನಿಗೆ ಚಹಾ ಸಿಗಲಿಲ್ಲ. ಹೆಂಡತಿ ಮಾತ್ರ, "ನಿಮ್ಮ ಹಡಗು ಒಂದು ಗಳಿಗೆ ಕೊಡ್ತೀರಾ, ಬಟ್ಟೆ ಇಸ್ತ್ರಿ ಮಾಡ್ಬೇಕು" ಎಂದು ತೆಗೆದುಕೊಂಡು ಹೋಗಿ, ಬಿಸಿ ಆರಿದ ಮೇಲೆ ಎತ್ತಿದ ಜಾಗದಲ್ಲೇ ತಂದಿಡುತ್ತಿದ್ದಳು. ಕೊನೆಗೆ ಎಡಬದಿಯೆಂದು ಇತ್ಯರ್ಥವಾಗಿ, ಆರನೆಯ ಅಂತಸ್ತಿನ ೬೧೪ನೆಯ ಕೋಣೆಯನ್ನು ಕಾದಿರಿಸಿದೆ. ಕಿಟಕಿ ಚಿಕ್ಕದು, ಮಂಚ ಇಕ್ಕಟ್ಟು, ಆದರೆ ಬದಿ ಸರಿಯಾದದ್ದು.

ಅಷ್ಟರಲ್ಲಿ ತಮ್ಮ ಕರುಣೆ ಉಕ್ಕಿ ಹರಿಯಿತು. ಹೊರಡುವ ಹಿಂದಿನ ದಿನ ನನ್ನ ಮೊಬೈಲಿಗೆ "ಅಭಿನಂದನೆಗಳು! ನಿಮ್ಮನ್ನು ಉಚಿತವಾಗಿ ಅಪ್‌ಗ್ರೇಡ್ ಮಾಡಲಾಗಿದೆ" ಎಂಬ ಸಂದೇಶ ಬಂತು. ಮೂವತ್ತೊಂದು ವರ್ಷ ಅರ್ಜಿ ಹಾಕಿದರೂ ನಮ್ಮ ಡಿಪೋದವರು ಕೊಡದ ಬಡ್ತಿಯನ್ನು ನಾನು ಕೇಳದೆಯೇ ತಾವು ದಯಪಾಲಿಸಿದ್ದೀರಿ. ಒಂಬತ್ತನೆಯ ಅಂತಸ್ತು, ಸ್ವಂತ ಬಾಲ್ಕನಿ, ಎಮ್ಮೆ ಮಲಗುವಷ್ಟು ದೊಡ್ಡ ಸ್ನಾನದ ತೊಟ್ಟಿ, ಹಣ್ಣಿನ ಬುಟ್ಟಿ, ಮಂಚದ ಮೇಲೆ ಹಂಸದ ಹಾಗೆ ಮಡಚಿಟ್ಟ ಟವೆಲ್. ಎಲ್ಲವೂ ಇತ್ತು, ಎಲ್ಲವೂ ಬಲಬದಿಯಲ್ಲಿತ್ತು.

ಸ್ವಾಗತದ ಮೇಜಿಗೆ ಓಡಿದೆ. "ಸರ್, ಅದಕ್ಕಿಂತ ಇದು ತುಂಬಾ ಒಳ್ಳೇ ರೂಮು" ಎಂದಳು ಅಲ್ಲಿದ್ದ ಹುಡುಗಿ. "ಒಳ್ಳೇದು ಬೇಡಮ್ಮಾ, ಎಡಗಡೇದು ಕೊಡು" ಎಂದೆ. ಕೆಳದರ್ಜೆಗೆ ಇಳಿಯುತ್ತೇನೆಂದು ಯಾರೂ ಕೇಳುವುದಿಲ್ಲವಾದ್ದರಿಂದ ಕಂಪ್ಯೂಟರಿನಲ್ಲಿ ಅದಕ್ಕೆ ಗುಂಡಿಯೇ ಇಲ್ಲವೆಂದು ಅವಳು ಪಾಪ ಬೇಸರದಿಂದಲೇ ತೋರಿಸಿದಳು. ಆಮೇಲೆ ತಮ್ಮ ಮೇಲ್ವಿಚಾರಕರಿಗೆ ಲಿಖಿತವಾಗಿ ಎರಡು ಸಣ್ಣ ಬೇಡಿಕೆ ಸಲ್ಲಿಸಿದೆ: ಒಂದೋ ಲೈಟ್‌ಹೌಸನ್ನು ಸಂಜೆಯ ಮಟ್ಟಿಗೆ ಬಲಬದಿಗೆ ವರ್ಗ ಮಾಡಿಸಬೇಕು, ಇಲ್ಲವೇ ಹಡಗನ್ನು ತಿರುಗಿಸಿ ಹನ್ನೆರಡು ನಿಮಿಷ ರಿವರ್ಸಿನಲ್ಲಿ ಓಡಿಸಬೇಕು. ಡಿಪೋದಲ್ಲಿ ಸಾವಿರ ಬಸ್ಸುಗಳಿಗೆ ಮಾಡಿದ ಹಾಗೆ ಹಡಗಿನ ಹಿಂದೆ ನಿಂತು "ಬರ್ಲಿ, ಬರ್ಲಿ" ಎನ್ನಲು ನಾನು ಸಿದ್ಧನಿದ್ದೆ. ಎಲ್ಲಿ ನಿಲ್ಲುವುದೆಂಬ ವ್ಯವಸ್ಥೆಯಷ್ಟೇ ತಮ್ಮದು. ಉತ್ತರವಾಗಿ ಇನ್ನೊಂದು ಹಣ್ಣಿನ ಬುಟ್ಟಿ ಬಂತು.

ಮೂರನೆಯ ದಿನ ಸಂಜೆ ಗಾಳಿ ಜೋರಾಗಿ ಬೀಸಿದ್ದರಿಂದ, ನಮ್ಮ ಪ್ರಾಣದ ಮೇಲಿನ ಕಾಳಜಿಯಿಂದ, ಮೇಲಿನ ಡೆಕ್ಕಿಗೆ ಹೋಗುವ ಬಾಗಿಲುಗಳನ್ನು ಮುಚ್ಚಿಸಿದಿರಿ. ಊಟದ ಹಾಲಿನ ಎಡಬದಿಯ ಗಾಜುಗಳಿಗೆಲ್ಲ ಜಾದೂ ಪ್ರದರ್ಶನಕ್ಕೆಂದು ಕಪ್ಪು ಪರದೆ ಎಳೆಸಿದಿರಿ. ಉಳಿದದ್ದು ೬೧೪. ಮೊಣಕಾಲು ನೋವಿನ ಹೆಂಡತಿಯ ಕೈ ಹಿಡಿದುಕೊಂಡು ಮೂರು ಅಂತಸ್ತು ಇಳಿದು ಹೋದರೆ ಬಾಗಿಲಿಗೆ "ತೊಂದರೆ ಕೊಡಬೇಡಿ" ಎಂಬ ಫಲಕ. ಜೀವನದಲ್ಲಿ ಮೊದಲ ಸಲ ಫಲಕ ಓದಿಯೂ ತೊಂದರೆ ಕೊಟ್ಟೆ. ನಮ್ಮ ಆ ಕೋಣೆಯನ್ನು ಪಡೆದಿದ್ದ ಮಹನೀಯರು ಕಣ್ಣಿನ ಪಟ್ಟಿಯನ್ನು ಹಣೆಗೇರಿಸಿಕೊಂಡು ಬಾಗಿಲು ತೆರೆದು, "ಕಿಟಕಿನಾ? ಬೆಳಕಿದ್ರೆ ನಂಗೆ ನಿದ್ದೆ ಬರಲ್ಲ ಅಂತ ಮೊದಲ್ನೇ ದಿನವೇ ಮುಚ್ಚಿಬಿಟ್ಟೆ" ಎಂದರು. ಪರದೆಯ ನಾಲ್ಕು ಅಂಚಿಗೂ ಟೇಪು ಹಚ್ಚಿದ್ದರು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಆದರೂ ಒಳ್ಳೆಯ ಮನುಷ್ಯ. ವಿಷಯ ಕೇಳಿದ ಮೇಲೆ ತಾವೂ ಉಗುರು ಹಾಕಿ ಕಿತ್ತರು.

ಪರದೆ ಸರಿಯುವ ಹೊತ್ತಿಗೆ ಮೂರು ನಿಮಿಷ ಉಳಿದಿತ್ತು. ನನ್ನ ಹೆಂಡತಿ ಗಾಜಿಗೆ ಹಣೆ ಒತ್ತಿ ನಿಂತಳು. ಬೆಳ್ಳಗಿನ ಗೋಪುರ ನಿಧಾನವಾಗಿ ಹಿಂದೆ ಸರಿದು ಮರೆಯಾಗುವವರೆಗೂ ಅವಳು ರೆಪ್ಪೆ ಬಡಿಯಲಿಲ್ಲ. "ಕಂಡಿತಾ?" ಎಂದೆ. "ಲೈಟ್‌ಹೌಸ್ ಕಂಡಿತು ಕಣ್ರೀ. ಮನೆ ಅದರ ಆ ಕಡೆ ಇಳಿಜಾರಲ್ಲಿತ್ತು. ಅಮ್ಮ ಇರೋದೂ ಅಲ್ಲೇ. ಈ ಹಡಗಿನ ಯಾವ ಕಿಟಕೀಲೂ ಅದು ಕಾಣಲ್ಲ. ನಂಗೆ ಮೊದಲೇ ಗೊತ್ತಿತ್ತು. ನೀವು ಅಷ್ಟು ಆಸೆಯಿಂದ ಲೆಕ್ಕ ಹಾಕ್ತಿದ್ರಲ್ಲ, ಹೇಳೋಕೆ ಮನಸ್ಸು ಬರ್ಲಿಲ್ಲ" ಎಂದಳು.

ಮಾನ್ಯರೇ, ಊರವರಿಗೆಲ್ಲ ಯಾವ ಕಡೆ ಕೂರಬೇಕೆಂದು ಹೇಳಿದವನು ನಾನು. ಹಡಗಿನ ಯಾವ ಬದಿಯೆಂದು ಆರು ವಾರ ತಲೆ ಕೆಡಿಸಿಕೊಂಡೆನೇ ಹೊರತು, ದ್ವೀಪದ ಯಾವ ಬದಿಯೆಂದು ಅವಳನ್ನು ಒಂದು ಸಲವೂ ಕೇಳಲಿಲ್ಲ. ನನಗೆ ನಾಚಿಕೆಯಾಯಿತು. ಆದ್ದರಿಂದ ಈ ತಪ್ಪಿನಲ್ಲಿ ಅರ್ಧವನ್ನು ನಾನೇ ಹೊತ್ತುಕೊಳ್ಳುತ್ತೇನೆ. ಉಳಿದರ್ಧ ತಮಗೇ ಇರಲಿ, ಏಕೆಂದರೆ ದಿಂಬು ಮೆತ್ತಗಿರಬೇಕೇ ಗಟ್ಟಿಯಾಗಿರಬೇಕೇ ಎಂದು ಮೂರು ಸಲ ವಿಚಾರಿಸಿದ ತಮ್ಮ ಅರ್ಜಿಯಲ್ಲಿಯೂ, ಏನು ನೋಡಲು ಬರುತ್ತಿದ್ದೀರಿ ಎಂಬ ಪ್ರಶ್ನೆ ಎಲ್ಲೂ ಇರಲಿಲ್ಲ.

ಈಗ ನನ್ನ ಕಟ್ಟಕಡೆಯ ಕೋರಿಕೆ. ಮುಂದಿನ ಯಾನದಲ್ಲಿ ಹಡಗು ಆ ದ್ವೀಪವನ್ನು ಒಂದು ಸುತ್ತು ಹಾಕಲಿ. ಅಲ್ಲಿ ನೀರು ಆಳವಿಲ್ಲವೆಂದು ಕ್ಯಾಪ್ಟನ್ನರು ಹೇಳಿದರೆ ಒಂದು ದೋಣಿ ಇಳಿಸಿಕೊಡಿ; ಹಡಗಿನ ಪಕ್ಕಕ್ಕೆ ಇಪ್ಪತ್ತು ದೋಣಿಗಳು ಸುಮ್ಮನೆ ನೇತಾಡುತ್ತಿರುವುದನ್ನು ನಾನೇ ಎಣಿಸಿದ್ದೇನೆ. ಅವು ಮುಳುಗುವವರಿಗೆ ಮಾತ್ರ ಎಂಬ ನಿಯಮವಿದ್ದಲ್ಲಿ, ನಮ್ಮ ಹೆಸರಿನ ಮುಂದೆ ಹಾಗೆಯೇ ಬರೆದುಕೊಳ್ಳಿ, ನಮ್ಮ ಅಭ್ಯಂತರವಿಲ್ಲ. ಅವಳಿಗೆ ಅರ್ಧ ಗಂಟೆ ಸಾಕು. ನಾನು ದೋಣಿಯಲ್ಲೇ ಕಾಯುತ್ತೇನೆ.

ಬೇಡವೆಂದರೂ ಬಡ್ತಿ ಪಡೆದು, ಆದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ನಿವೃತ್ತ ಕಂಡಕ್ಟರ್

ಮರೆತ ಮಾತು: "ಕೋಣೆಯಿಂದ ನೋಟ ಹೇಗಿತ್ತು?" ಎಂಬ ತಮ್ಮ ಅಭಿಪ್ರಾಯ ಸಂಗ್ರಹಕ್ಕೆ ನನ್ನ ಹೆಂಡತಿ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದಾಳೆ. ದಯವಿಟ್ಟು ಹಿಗ್ಗಬೇಡಿ, ಅದು ತಾವು ಕಿತ್ತುಕೊಂಡ ಕೋಣೆಗೆ ಕೊಟ್ಟದ್ದು. ೬೧೪ರ ಮಹನೀಯರಿಗೆ ಮುಂದಿನ ಸಲ ತಪ್ಪದೆ ಬಡ್ತಿ ಕೊಡಿ, ಕಿಟಕಿಯೇ ಇಲ್ಲದ ಕೋಣೆಗೆ. ತಮ್ಮ ಔದಾರ್ಯದಿಂದ ನಿಜವಾಗಿ ಸುಖಪಟ್ಟ ಮೊದಲ ಪ್ರಯಾಣಿಕರೆಂಬ ಕೀರ್ತಿ ಅವರಿಗೆ ಸಲ್ಲಲಿ.